ಗಡ್ಡ ಇರೋ ತನಕ ಮದುವೆ ಬ್ಯಾಡ

"ಈಗ ಬಂದ್ರಾ? ಎಂಟಕ್ಕೆ ಬರ್ತೀನಿ ಅಂದೋರು ಈಗ ಬಂದ್ರಾ! ಮನೇಲಿ ಒಂದು ಕೊಡ ನೀರಿಲ್ಲ. ಇವತ್ತೇ ನೆಂಟರು ಬೇರೆ ಬರ್ತಾವ್ರೆ!"

ಬಾಗಿಲಲ್ಲಿ ನಿಂತಿದ್ದವನು ಏನೋ ಹೇಳಲು ಬಾಯಿ ತೆರೆದ. ರೇಣುಕ ಬಿಡಲಿಲ್ಲ.

"ನೆಪ ಹೇಳ್ಬ್ಯಾಡ್ರಿ. ಮೋಟರ್ ಹಿತ್ಲಾಗೈತೆ. ಮೊದ್ಲು ಅದನ್ನ ನೋಡ್ರಿ."

ದಟ್ಟವಾದ ಕಪ್ಪು ಗಡ್ಡ. ಇಸ್ತ್ರಿ ಮುರಿಯದ ಬಿಳಿ ಅಂಗಿ. 'ಮೋಟರ್ ರಿಪೇರಿಗೆ ಬರೋನಿಗೆ ಇಷ್ಟು ಸಿಂಗಾರ ಯಾಕಪ್ಪಾ!' ಎಂದುಕೊಂಡು ಅವಳು ಮುಂದೆ ನಡೆದಳು.

ಅವನು ಒಂದು ಕ್ಷಣ ನಿಂತ. ಆಮೇಲೆ ಅಂಗಿಯ ತೋಳು ಮಡಚಿಕೊಂಡು ಅವಳ ಹಿಂದೆಯೇ ಹಿತ್ತಿಲಿಗೆ ಹೋದ.

"ಟೆಸ್ಟರ್ ಐತಾ?"

"ರಿಪೇರಿಗೆ ಬರೋರು ಟೆಸ್ಟರ್ ತರಲ್ವಾ?"

"ಇವತ್ತು ತಂದಿಲ್ರಿ," ಎಂದ ಅವನು, ತುಂಬ ವಿನಯದಿಂದ.

ಕಂಡೆನ್ಸರ್ ಸುಟ್ಟಿತ್ತು. ಅವನೇ ಬೈಕಿನಲ್ಲಿ ಪೇಟೆಗೆ ಹೋಗಿ ಹೊಸದು ತಂದು ಹಾಕಿದ. ತೊಟ್ಟಿಗೆ ನೀರು ಧುಮುಕುವ ಹೊತ್ತಿಗೆ ಬಿಳಿ ಅಂಗಿಯ ಎದೆಯ ಮೇಲೆ ಅಂಗೈಯಗಲ ಗ್ರೀಸ್ ಕಲೆ ಬಿದ್ದಿತ್ತು. ಅಷ್ಟರಲ್ಲಿ ಮುಂಬಾಗಿಲಲ್ಲಿ ಹೂವು ಹಣ್ಣಿನ ಚೀಲ ಹಿಡಿದ ಹೆಂಗಸೊಬ್ಬಳು ಬಂದು ನಿಂತಳು.

"ನಮ್ಮ ಓಂಕಾರ ಬೈಕಿನಾಗೆ ಮುಂದೆ ಬಂದ್ನಲ್ಲ. ಎಲ್ಲವ್ವ ಅವನು?"

ರೇಣುಕಳ ಕೈಯಲ್ಲಿದ್ದ ಕೊಡ ಅಲ್ಲೇ ನಿಂತಿತು. ಓಂಕಾರಮೂರ್ತಿ... ಚಳ್ಳಕೆರೆಯ ಗಂಡು! ತನ್ನನ್ನು ನೋಡಲು ಬಂದವನು!

"ಬಾಯಿ ಬಿಟ್ಟು ಹೇಳೋಕೇನಾಗಿತ್ರಿ ನಿಮಗೆ?" ಎಂದಳು, ನಾಚಿಕೆಯೂ ಸಿಟ್ಟೂ ಒಟ್ಟಿಗೇ ಉಕ್ಕಿ.

"ನೀವು ಹೇಳೋಕೆ ಬಿಟ್ರೆ ತಾನೇ? ತಪ್ಪೇನಿಲ್ಲ ಬಿಡ್ರಿ. ನಂದು ಮೋಟರ್ ವೈಂಡಿಂಗ್ ಅಂಗಡೀನೇ." ಗಡ್ಡದೊಳಗೆ ಎಲ್ಲೋ ಒಂದು ನಗು ಸುಳಿಯಿತು. "ಕಾಫಿ ಕೊಡೋ ಹುಡುಗೀನ ನೋಡೋಕೆ ಬಂದೆ. ಕೆಲಸ ಹೇಳೋ ಹುಡುಗಿ ಸಿಕ್ಳು. ಇದೇ ವಾಸಿ."

ಆ ಮಾತು ಅವಳ ಜೊತೆಗೇ ಉಳಿದುಬಿಟ್ಟಿತು. ಮಗ್ಗದಲ್ಲಿ ಕೂತು ಲಾಳಿ ಹಾಯಿಸುವಾಗಲೂ ನೆನಪಾಗಿ ತುಟಿ ಬಿರಿಯುತ್ತಿತ್ತು.

*

ಅದಾದ ಮೇಲೆ ದಿನಾ ಫೋನು. ಅವನು ಚಳ್ಳಕೆರೆಯಲ್ಲಿ ಅಂಗಡಿ ಬಾಗಿಲು ಹಾಕಿದ ಮೇಲೆ, ಇವಳು ಮೊಳಕಾಲ್ಮೂರಿನಲ್ಲಿ ಮಗ್ಗದಿಂದ ಎದ್ದ ಮೇಲೆ. ಎರಡೂ ಮನೆಯವರು ಒಪ್ಪಿದ್ದರು. ನಿಶ್ಚಿತಾರ್ಥಕ್ಕೆ ದಿನ ನೋಡುವುದೊಂದೇ ಬಾಕಿ.

ಆಗ ಒಂದು ಬೆಳಗ್ಗೆ, ಸ್ನಾನ ಮಾಡುವಾಗ, ಎಡಗಡೆಯ ಎದೆಯಲ್ಲಿ ಅವಳ ಬೆರಳಿಗೆ ಅದು ಸಿಕ್ಕಿತು.

ಸಿಪ್ಪೆ ಸುಲಿಯದ ಶೇಂಗಾದಷ್ಟು. ಗಟ್ಟಿ. ಒತ್ತಿದರೆ ಜರುಗುವುದಿಲ್ಲ.

'ಏನೂ ಇರಲ್ಲ,' ಎಂದುಕೊಂಡಳು. ಮರುದಿನ ಮತ್ತೆ ಮುಟ್ಟಿ ನೋಡಿದಳು. ಅದರ ಮರುದಿನವೂ. ಅದು ಅಲ್ಲೇ ಇತ್ತು! ಕೊನೆಗೆ ಅತ್ತೆ ರಂಗಕ್ಕನ ಮುಂದೆ ಬಾಯಿಬಿಟ್ಟಳು.

ರಂಗಕ್ಕ ರೇಣುಕಳ ತಂದೆ ಹನುಮಣ್ಣನ ತಂಗಿ. ಆಂಧ್ರದ ರಾಯದುರ್ಗಕ್ಕೆ ಕೊಟ್ಟಿದ್ದರು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು, ಅತ್ತಿಗೆಯೂ ಹೋದ ಮೇಲೆ ರೇಣುಕಳನ್ನು ತಾನೇ ಬೆಳೆಸಿದಳು. ಬಾಳಿನ ಅರ್ಧ ಗಡಿಯಾಚೆ ಕಳೆದವಳ ಬಾಯಲ್ಲಿ ಎರಡು ಭಾಷೆ. ಸಮಾಧಾನವಾಗಿದ್ದರೆ ಕನ್ನಡ, ಗಾಬರಿಯಾದರೆ ತೆಲುಗು.

"ಅಯ್ಯೋ ದೇವುಡಾ!" ಎಂದಳು ರಂಗಕ್ಕ.

ಅಲ್ಲಿಗೆ ಅವಳ ಕನ್ನಡ ಮುಗಿಯಿತು.

*

ಚಳ್ಳಕೆರೆಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೌಂಟರಿನ ಹುಡುಗಿ ಊರಿಗೇ ಕೇಳುವಂತೆ ಕೂಗಿದಳು. "ರೇಣುಕಮ್ಮಾ! ಬ್ರೆಸ್ಟ್ ಸ್ಕ್ಯಾನ್! ಯಾರ್ರೀ ಅದು?"

ಕೂತಿದ್ದವರೆಲ್ಲ ತಿರುಗಿ ನೋಡಿದರು. ರೇಣುಕಳಿಗೆ ನೆಲದೊಳಗೆ ಇಳಿದುಹೋಗುವ ಹಾಗಾಯಿತು.

'ಮೈಕ್ ಹಿಡಿದು ಕೂಗವ್ವಾ! ಬಸ್‌ಸ್ಟ್ಯಾಂಡಿನಾಗೆ ಇರೋರಿಗೂ ಕೇಳ್ಲಿ!'

ಸ್ಕ್ಯಾನ್ ನೋಡಿದ ಡಾಕ್ಟರಮ್ಮ ಮೆಲ್ಲಗೆ ಹೇಳಿದರು. "ಗಂಟಿನ ಅಂಚು ಸರಿ ಇಲ್ಲ. ಅನುಮಾನ ಇದೆ. ಅನುಮಾನ ಅಂದ್ರೆ ಕ್ಯಾನ್ಸರ್ ಅಂತ ಅಲ್ಲಮ್ಮ. ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆ ಮಾಡಿದ್ರೇನೇ ಗೊತ್ತಾಗೋದು. ಬಯಾಪ್ಸಿ ಅಂತಾರೆ."

ಅವರು ಹೇಳಿದ ಎಲ್ಲ ಮಾತಿನಲ್ಲಿ ಅವಳ ಕಿವಿಗೆ ಬಿದ್ದದ್ದು ಒಂದೇ ಶಬ್ದ. ಅವರು ಅಲ್ಲ ಎಂದಿದ್ದ ಆ 'ಕ್ಯಾನ್ಸರ್'.

ವಾಪಸು ಬರುವ ಬಸ್ಸು ತಳಕು ಊರನ್ನು ದಾಟಿತು. ರೇಣುಕ ಫೋನು ಸ್ವಿಚ್ ಆಫ್ ಮಾಡಿ ಅತ್ತೆಯ ಕಡೆ ತಿರುಗಿದಳು.

"ಅತ್ತೆ, ಓಂಕಾರಮೂರ್ತಿಗೆ ನೀನೇ ಹೇಳ್ಬೇಕು. ಮುಚ್ಚಿಡಬ್ಯಾಡ. ಇದ್ದದ್ದು ಇದ್ದಂಗೆ ಹೇಳು. ಇದು ಏನು ಅಂತ ಗೊತ್ತಾಗೋ ತನಕ ಮದುವೆ ಮಾತು ಬ್ಯಾಡ ಅನ್ನು."

"ನೀನೇ ಹೇಳಬಾರ್ದಾ ಪಿಲ್ಲಾ?"

"ನನ್ ಕೈಲಿ ಆಗಲ್ಲ ಅತ್ತೆ!" ಎಂದು ಕಿಟಕಿಯ ಕಡೆ ಮುಖ ಮಾಡಿಕೊಂಡಳು. ಹೇಳಲು ಹೋದರೆ ಅಳು ಬರುತ್ತದೆ. ಅತ್ತರೆ ಅವನು ಕರುಣೆಗಾಗಿ ಹೂಂ ಅನ್ನುತ್ತಾನೆ. ಕರುಣೆಯ ಮದುವೆ ಅವಳಿಗೆ ಬೇಡವಾಗಿತ್ತು.

ಸಂಜೆ ಅವನ ಫೋನು ರಂಗಕ್ಕನಿಗೇ ಬಂತು. ಅವಳು ಹಿತ್ತಿಲಿಗೆ ಹೋಗಿ, ಸೆರಗು ಬಾಯಿಗೆ ಅಡ್ಡ ಹಿಡಿದು, ಗಾಬರಿಯಲ್ಲಿ ಅರ್ಧ ಅದು ಅರ್ಧ ಇದು ಮಾತಾಡಿದಳು.

"ಏನು ಹೇಳ್ಲಪ್ಪಾ ನಾಯನಾ... ಆ ಗಡ್ಡ ಇರೋ ತನಕ ಪೆಳ್ಳಿ ಬ್ಯಾಡ ಅಂತಾಳೆ ಪಿಲ್ಲ."

ಪಿಲ್ಲ ಎಂದರೆ ಹುಡುಗಿ, ಪೆಳ್ಳಿ ಎಂದರೆ ಮದುವೆ ಎಂದು ಓಂಕಾರಮೂರ್ತಿಗೆ ಗೊತ್ತಿತ್ತು. ಅಂಗಡಿ ಚಳ್ಳಕೆರೆಯಲ್ಲಿದ್ದರೂ ಅವನು ನಾಯಕನಹಟ್ಟಿ ಕಡೆಯ ಕನ್ನಡದವನು. ಅವನ ತೆಲುಗು ಅಲ್ಲಿಗೇ ನಿಲ್ಲುತ್ತಿತ್ತು. ನಾವು ಗಡ್ಡೆ ಎನ್ನುವುದನ್ನು, ಮೈಯಲ್ಲೇಳುವ ಗಂಟನ್ನು, ತೆಲುಗಿನವರು ಗಡ್ಡ ಎನ್ನುತ್ತಾರೆಂದು ಅವನಿಗೆ ಯಾರು ಹೇಳಬೇಕು?

"ಗಡ್ಡನಾ?" ಎಂದ, ಕೆನ್ನೆ ಸವರಿಕೊಂಡು.

"ಹೂಂ, ಗಡ್ಡನೇ! ತೆಗೀಲೇಬೇಕೇನೋ ಅಂತಾವ್ರೆ."

"ಅಷ್ಟೇನಾ ಅತ್ತೆಮ್ಮ?" ಅವನಿಗೆ ನಿರಾಳವಾಗಿ ನಗುವೇ ಬಂತು. "ಅದಕ್ಕೆ ಫೋನ್ ಆಫ್ ಮಾಡ್ಕೊಂಡು ಕೂತವ್ಳಾ? ತೆಗೆಸಿದ್ರೆ ಆಯ್ತು ಬಿಡ್ರಿ. ಐದು ನಿಮಿಷದ ಕೆಲ್ಸ!"

ರಂಗಕ್ಕ ಕೈಯಲ್ಲಿದ್ದ ಫೋನನ್ನೇ ಒಂದು ಸಲ ದಿಟ್ಟಿಸಿದಳು. ಆಮೇಲೆ ಒಳಗೆ ಬಂದು, ಕೇಳಿದ್ದನ್ನು ಕೇಳಿದ ಹಾಗೇ ಸೊಸೆಗೆ ಒಪ್ಪಿಸಿದಳು.

"ನಕ್ರಾ?" ಎಂದಳು ರೇಣುಕ.

"ನಕ್ಕ."

"ಐದು ನಿಮಿಷದ ಕೆಲ್ಸ ಅಂದ್ರಾ?"

"ಹಂಗೇ ಅಂದ."

ರೇಣುಕ ಎದ್ದು ಮಗ್ಗದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. 'ಅಷ್ಟೇನಾ... ಅಷ್ಟೇನಾ ಅಂದ್ರಾ!' ಹೆದರಿದ್ದರೆ ಕ್ಷಮಿಸಬಹುದಿತ್ತು. ಬೇಡ ಎಂದಿದ್ದರೂ ಕ್ಷಮಿಸಬಹುದಿತ್ತು. ನಕ್ಕವನನ್ನು ಹೇಗೆ ಕ್ಷಮಿಸುವುದು?

*

ಚಳ್ಳಕೆರೆ ಆಸ್ಪತ್ರೆಯಲ್ಲಿ ಅದೇ ಡಾಕ್ಟರಮ್ಮ ಬಯಾಪ್ಸಿ ಮಾಡಿದರು. ಮರಗಟ್ಟಿಸುವ ಚುಚ್ಚುಮದ್ದು, ಆಮೇಲೆ ಟಪ್ ಟಪ್ ಎಂದು ಸದ್ದು ಮಾಡುವ ಸೂಜಿ, ಕೊನೆಗೊಂದು ಪಟ್ಟಿ. ತೆಗೆದ ಚೂರು ದಾವಣಗೆರೆಗೆ ಹೋಯಿತು. ಗುರುವಾರ ಬನ್ನಿ ಎಂದರು.

ಗುರುವಾರದ ತನಕ ಬದುಕುವುದೇ ದೊಡ್ಡ ಕೆಲಸವಾಯಿತು.

ತೋಳು ಎತ್ತಿದರೆ ನೋವು. ಹನುಮಣ್ಣ ಏನೂ ಕೇಳದೆ ಮಗಳ ಮಗ್ಗದಲ್ಲಿ ಕೂತು ಅವಳ ಸೀರೆಯನ್ನು ಮುಂದುವರಿಸಿದ. ಅವನೊಬ್ಬನೇ ಸುಮ್ಮನಿದ್ದವನು. ಉಳಿದವರೆಲ್ಲ ವೈದ್ಯರೇ!

"ಅರಿಶಿನ ಹಚ್ಚು."

"ನುಗ್ಗೆಸೊಪ್ಪು ಕಟ್ಟು, ಕರಗೋಗ್ತದೆ."

"ಸೂಜಿ ಚುಚ್ಚಿಸಬಾರ್ದಿತ್ತು. ಚುಚ್ಚಿದ್ರೆ ಹರಡ್ತದಂತೆ."

"ಅಂಥಾದ್ದೇನೂ ಆಗಲ್ಲ ಬಿಡು. ಧೈರ್ಯವಾಗಿರು!"

ಈ ಕೊನೆಯ ಮಾತೇ ಅವಳನ್ನು ಹೆಚ್ಚು ಉರಿಸುತ್ತಿತ್ತು. ಯಾರಿಗೂ ಗೊತ್ತಿಲ್ಲ, ಆದರೂ ಎಲ್ಲರೂ ಹೇಳುತ್ತಾರೆ. 'ಏನೂ ಆಗಲ್ಲ ಅಂತ ನಿಮಗ್ಯಾರ್ರೀ ಹೇಳಿದ್ದು?' ಎಂದು ಕೂಗಬೇಕೆನಿಸುತ್ತಿತ್ತು. ಹಲ್ಲು ಕಚ್ಚಿ ಹೂಂ ಎನ್ನುತ್ತಿದ್ದಳು.

ಈ ನಡುವೆ ಓಂಕಾರಮೂರ್ತಿಯ ಫೋನು ಮತ್ತೆ ರಂಗಕ್ಕನಿಗೆ ಬಂತು.

"ಅತ್ತೆಮ್ಮ, ಗಡ್ಡ ತೆಗೆಸಾಯ್ತು ಅಂತ ಹೇಳ್ರಿ ಅವಳಿಗೆ!"

"ಎಲ್ಲಿ ತೆಗ್ದವ್ರೆ? ಬರೀ ಚೂರು ತೆಗ್ದವ್ರಪ್ಪ."

"ಚೂರಾ? ಪೂರ್ತಿ ಬೋಳಿಸಾಗೈತೆ ಅತ್ತೆಮ್ಮ!"

"ಡಾಕ್ಟರಿಗಿಂತ ನಿನಗೆ ಜಾಸ್ತಿ ಗೊತ್ತೇನಯ್ಯಾ?" ರಂಗಕ್ಕನಿಗೂ ರೇಗಿತು. "ಗುರುವಾರ ಚಳ್ಳಕೆರೆ ಆಸ್ಪತ್ರೆಯಾಗೆ ರಿಪೋರ್ಟು. ಆಮೇಲೆ ಮಾತಾಡು!" ಎಂದು ಫೋನಿಟ್ಟಳು.

ಅತ್ತ ಕಡೆ ಅವನು ಕೈಯಲ್ಲಿ ಫೋನು ಹಿಡಿದೇ ನಿಂತಿದ್ದ. ಡಾಕ್ಟರು... ಆಸ್ಪತ್ರೆ... ರಿಪೋರ್ಟು... ಗಡ್ಡಕ್ಕೆ ರಿಪೋರ್ಟು ಯಾರು ಕೊಡುತ್ತಾರೆ?

*

ಗುರುವಾರ. ಆಸ್ಪತ್ರೆಯ ಪಡಸಾಲೆಯ ಬೆಂಚಿನ ಮೇಲೆ ಅತ್ತೆ–ಸೊಸೆ ಕೂತಿದ್ದರು. ಎಲ್ಲಿಂದಲೋ ಎಣ್ಣೆ ಮಿಲ್ಲಿನ ಶೇಂಗಾ ವಾಸನೆ ಗಾಳಿಯಲ್ಲಿ ಬರುತ್ತಿತ್ತು.

"ರೇಣುಕಾ..."

ಅವಳು ತಲೆ ಎತ್ತಿದಳು. ಯಾರೋ ಅಪರಿಚಿತ. ಮೇಲರ್ಧ ಬಿಸಿಲಿಗೆ ಕಂದಿದ ಮುಖ, ಕೆಳಗರ್ಧ ಬೆಳ್ಳಗೆ. ಕೆಳತುಟಿಯಿಂದ ಕತ್ತಿನವರೆಗೆ ಹೊಲಿಗೆ ಹಾಕಿದ ಹಳೆಯ ಗಾಯದ ಗೆರೆ. ಆದರೆ ಆ ದನಿ...

"ನೀವಾ! ಇದೇನ್ರಿ ಇದು?"

"ಗಡ್ಡ ತೆಗೆಸ್ದೆ. ನೀವೇ ಹೇಳಿದ್ರಲ್ಲ?"

"ನಾನೆಲ್ಲಿ ಹೇಳ್ದೆ!"

"ಗಡ್ಡ ಇರೋ ತನಕ ಮದುವೆ ಬ್ಯಾಡ ಅಂದ್ರಂತಲ್ಲ. ಅತ್ತೆಮ್ಮನೇ ಹೇಳಿದ್ರು."

ರೇಣುಕ ನಿಧಾನವಾಗಿ ರಂಗಕ್ಕನ ಕಡೆ ತಿರುಗಿದಳು.

"ಅತ್ತೆ... ಏನಂತ ಹೇಳ್ದೆ ನೀನು?"

"ನೀನು ಹೇಳಿದಂಗೇ! ಇದ್ದದ್ದು ಇದ್ದಂಗೆ. ಗಡ್ಡ ಐತೆ ಅಂದೆ."

"ಗಡ್ಡೆ ಅನ್ಬೇಕಿತ್ತು ಅತ್ತೆ! ಗಡ್ಡೆ!"

"ಅದನ್ನೇ ಅಂದಿದ್ದು. ಗಡ್ಡ!"

"ಅಯ್ಯೋ... ಗಡ್ಡ ಅಂದ್ರೆ ಇದು ಅತ್ತೆ, ಇದು!" ಎಂದು ಅವಳು ಅವನ ಗಲ್ಲಕ್ಕೆ ಬೆರಳು ತೋರಿಸಿದಳು. ಅಲ್ಲಿ ತೋರಿಸಲು ಏನೂ ಇರಲಿಲ್ಲ.

ಎಷ್ಟೋ ದಿನದಿಂದ ಒಳಗೇ ಅದುಮಿಟ್ಟಿದ್ದು ಒಮ್ಮೆಲೇ ನಗುವಾಗಿ ಒಡೆಯಿತು. ಬೆಂಚಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅವಳು ನಕ್ಕಳು, ನಕ್ಕಳು... ನಗುತ್ತಲೇ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಇನ್ನೂ ಅಲುಗುತ್ತಿತ್ತು. ಅದು ನಗುವಲ್ಲ ಎಂದು ಅವನಿಗೆ ತಿಳಿಯಿತು.

"ಗಡ್ಡೆನಾ?" ಎಂದ, ದನಿ ಇಳಿಸಿ. "ಯಾರಿಗೆ?"

"ನನಗೆ." ಅವಳು ಮುಖ ಒರೆಸಿಕೊಂಡಳು. "ಎಡಗಡೆ, ಎದೆಯಾಗೆ. ಕ್ಯಾನ್ಸರ್ ಹೌದೋ ಅಲ್ವೋ ಈಗ ಹೇಳ್ತಾರೆ."

ಅವನು ಬೆಂಚಿನ ತುದಿಯಲ್ಲಿ ಕೂತ. ಎರಡೂ ಅಂಗೈ ಮೊಣಕಾಲ ಮೇಲಿಟ್ಟು ನೆಲ ನೋಡುತ್ತ ಕೂತ.

ಅವಳಿಗೆ ತಡೆಯಲಾಗಲಿಲ್ಲ. "ಹೇಳ್ರಿ ನೀವೂ! ಏನೂ ಆಗಲ್ಲ, ಧೈರ್ಯವಾಗಿರು ಅಂತ. ಎಲ್ಲಾರೂ ಹೇಳಾಯ್ತು, ನೀವೊಬ್ರು ಬಾಕಿ!"

"ನಂಗೆ ಗೊತ್ತಿಲ್ಲ ರೇಣುಕಾ," ಎಂದ ಅವನು. "ನಂಗೆ ಭಯ ಆಗ್ತೈತೆ."

ಅವಳು ಬೆರಗಾಗಿ ನೋಡಿದಳು. ಇಷ್ಟು ದಿನದಲ್ಲಿ ನಿಜ ಹೇಳಿದವನು ಇವನೊಬ್ಬ!

"ನಂಗೂ..." ಎಂದಳು ಮೆಲ್ಲಗೆ.

"ನಕ್ಕೆ ಅಂತ ಬೇಜಾರಾತಾ?"

"ಸಾಯಿಸಿಬಿಡಬೇಕು ಅನ್ನಿಸ್ತು."

"ಗಡ್ಡಕ್ಕೆ ನಕ್ಕಿದ್ದು. ಅದೂ ಅರ್ಧ ಸುಳ್ಳು ನಗು." ಅವನ ಬೆರಳು ಗಾಯದ ಗೆರೆಯ ಮೇಲೆ ಹರಿದಾಡಿತು. "ಸಣ್ಣೋನಿದ್ದಾಗ ಮಿಲ್ಲಿನಾಗೆ ಮಿಷಿನ್ ಬೆಲ್ಟ್ ಕಿತ್ಕೊಂಡು ಬಂದು ಹೊಡೀತು. ಗಡ್ಡ ಬಂದಾಗಿಂದ ಇದನ್ನ ಯಾರಿಗೂ ತೋರ್ಸಿರ್ಲಿಲ್ಲ. ಕ್ಷೌರದಂಗಡಿಯಾಗೆ ಎರಡು ಸಲ ಎದ್ದು ಆಚೆ ಬಂದೆ. ಆಮೇಲೆ... ನೀವು ಕೇಳಿದೀರಲ್ಲ ಅಂತ ಹೋಗಿ ಕೂತೆ."

ರೇಣುಕ ಆ ಗೆರೆಯನ್ನು ನೋಡಿದಳು. ಅಲ್ಲಲ್ಲಿ ಸೊಟ್ಟಗೆ ಬಿದ್ದ ಹೊಲಿಗೆ. 'ನಾನು ಕೇಳಿಯೇ ಇರಲಿಲ್ಲ... ಆದರೂ ಕೊಟ್ಟುಬಿಟ್ಟಿದ್ದಾನೆ!'

"ರೇಣುಕಮ್ಮಾ! ಒಳಗೆ ಬರ್ರೀ!" ಎಂದು ನರ್ಸ್ ಕೂಗಿದಳು.

ಅವಳು ಎದ್ದಳು. ಎರಡು ಹೆಜ್ಜೆ ಹೋಗಿ ತಿರುಗಿದಳು.

"ಬರ್ತೀರಾ?"

"ಬರಬಹುದಾ?"

"ಬರ್ರಿ. ಆದ್ರೆ ಅವರು ಏನು ಹೇಳಿದ್ರೂ ನಡುವೆ ಎದ್ದು ಹೋಗಬಾರ್ದು."

"ಹೋಗಲ್ಲ."

*

ಡಾಕ್ಟರಮ್ಮ ಕಾಗದ ನೋಡಿದರು. ಕಂಪ್ಯೂಟರಿನಲ್ಲಿ ಸ್ಕ್ಯಾನಿನ ಚಿತ್ರ ನೋಡಿದರು. ಮತ್ತೆ ಕಾಗದ ನೋಡಿದರು. ರೇಣುಕಳಿಗೆ ಆ ಕಾಗದ ಕಿತ್ತುಕೊಳ್ಳಬೇಕೆನಿಸಿತು.

"ಕ್ಯಾನ್ಸರ್ ಅಲ್ಲಮ್ಮ."

ರಂಗಕ್ಕ "ತಂಡ್ರೀ!" ಎಂದು ಕೈ ಮುಗಿದಳು. ಓಂಕಾರಮೂರ್ತಿ ಹಿಡಿದಿದ್ದ ಉಸಿರು ಬಿಟ್ಟ. ರೇಣುಕ ಮಾತ್ರ ಅಲುಗಲಿಲ್ಲ.

"ಹಂಗಾದ್ರೆ ಸ್ಕ್ಯಾನ್ ಯಾಕೆ ಮೇಡಂ ಅನುಮಾನ ಅಂತು?"

"ಸ್ಕ್ಯಾನ್ ನೆರಳು ನೋಡಿ ಹೇಳುತ್ತೆ. ಸೂಜಿಯಲ್ಲಿ ಗಂಟಿನ ಚೂರೇ ಬಂದಿರುತ್ತೆ, ಅದನ್ನ ಕಣ್ಣಾರೆ ನೋಡ್ತಾರೆ. ನಿಮಗೆ ಎದೆಗೆ ಯಾವಾಗಾದ್ರೂ ಏಟು ಬಿದ್ದಿತ್ತಾ?"

ರೇಣುಕ ಯೋಚಿಸಿದಳು. "ಬೇಸಿಗೆಗೆ ಮುಂಚೆ... ಹೊಸ ಹಾಸಿನ ನೂಲು ಏರಿಸೋವಾಗ ಮಗ್ಗದ ಮರ ಜಾರಿ ಬಂದು ಬಡೀತು. ಕಪ್ಪಗಾಗಿತ್ತು. ಆಮೇಲೆ ಮರ್ತೇಹೋಯ್ತು."

"ಅದೇ. ಏಟು ಬಿದ್ದ ಕಡೆ ಒಳಗಿನ ಕೊಬ್ಬು ಸತ್ತು ಗಟ್ಟಿಯಾಗಿದೆ. ಇಂಥ ಗಂಟು ಸ್ಕ್ಯಾನಲ್ಲಿ ಕೆಲವು ಸಲ ಕೆಟ್ಟ ಗಂಟಿನ ಹಾಗೇ ಕಾಣುತ್ತೆ. ಇದು ಕ್ಯಾನ್ಸರ್ ಆಗಿ ತಿರುಗೋ ಗಂಟಲ್ಲ."

"ಸೂಜಿ ಗಂಟಿಗೆ ಹೋಗ್ದೆ ಪಕ್ಕಕ್ಕೆ ಹೋಗಿದ್ರೆ?"

"ಪಿಲ್ಲಾ! ಒಳ್ಳೇದು ಹೇಳಿದ್ರೂ ಜಗಳ ಮಾಡ್ತೀಯಲ್ಲ!" ಎಂದು ರಂಗಕ್ಕ ಗದರಿದಳು.

ಡಾಕ್ಟರಮ್ಮ ನಕ್ಕರು. "ಕೇಳ್ಲಿ ಬಿಡಿ, ಕೇಳಬೇಕಾದ ಮಾತೇ. ಸ್ಕ್ಯಾನಲ್ಲಿ ನೋಡ್ತಾನೇ ಸೂಜಿ ಹಾಕಿದ್ದು. ಗಂಟಿನೊಳಗೇ ಹೋಗಿದೆ, ಚಿತ್ರ ಇದೆ ಇಲ್ಲಿ. ರಿಪೋರ್ಟು, ಸ್ಕ್ಯಾನು, ನೀವು ಹೇಳಿದ ಏಟು, ಮೂರೂ ಒಂದಕ್ಕೊಂದು ಹೊಂದುತ್ತೆ. ಹೊಂದದೇ ಇದ್ದಿದ್ರೆ ನಾನೇ ಇನ್ನೊಮ್ಮೆ ತೆಗೀಬೇಕು ಅಂತಿದ್ದೆ. ಆರು ತಿಂಗಳಿಗೆ ಮತ್ತೊಂದು ಸ್ಕ್ಯಾನ್ ಮಾಡೋಣ. ನಡುವೆ ದೊಡ್ಡದಾದ್ರೆ, ಚರ್ಮ ಎಳೆದ ಹಾಗಾದ್ರೆ, ಕಾಯಬೇಡಿ, ಬಂದ್ಬಿಡಿ."

"ಗಡ್ಡ ತೆಗೀಬೇಕಾ?" ಎಂದು ರಂಗಕ್ಕ ಕೇಳಿದಳು.

ಮೂವರೂ ಅವಳ ಕಡೆ ತಿರುಗಿದರು.

"ತೆಗೆಯೋದು ಬೇಡಮ್ಮ," ಎಂದರು ಡಾಕ್ಟರಮ್ಮ. ಅವರಿಗೆ ತೆಲುಗು ಬರುತ್ತಿತ್ತು.

*

ಬಸ್‌ಸ್ಟ್ಯಾಂಡಿನಲ್ಲಿ ಮೊಳಕಾಲ್ಮೂರಿನ ಬಸ್ಸು ನಿಂತಿತ್ತು. ರಂಗಕ್ಕ ಹತ್ತಿ, ಪಕ್ಕದ ಸೀಟಿಗೆ ಸೆರಗು ಹಾಸಿ, ಕಿಟಕಿಯಿಂದ ಬೇಕೆಂದೇ ಆಚೆ ಕಡೆ ನೋಡುತ್ತ ಕೂತಳು.

ಕೆಳಗೆ ಇಬ್ಬರೂ ನಿಂತಿದ್ದರು. ಅಳು ಬರಬಹುದೆಂದು ರೇಣುಕ ಕಾಯುತ್ತಿದ್ದಳು, ಬರಲಿಲ್ಲ. ಬಂದದ್ದು ಹಸಿವು. ಎಷ್ಟೋ ದಿನದ ಹಸಿವು! ಅವನು ಮಂಡಕ್ಕಿಯ ಪೊಟ್ಟಣ ತಂದು ಕೊಟ್ಟ. ಅವಳು ನಿಂತಲ್ಲೇ ತಿಂದಳು, ಅವನೂ ಒಂದು ಮುಷ್ಟಿ ಬಾಯಿಗೆ ಹಾಕಿಕೊಂಡ.

"ಆರು ತಿಂಗಳಿಗೆ ಮತ್ತೆ ನೋಡ್ಬೇಕಂತೆ," ಎಂದಳು.

"ಕೇಳಿಸ್ಕೊಂಡೆ."

"ಆರು ತಿಂಗಳು ಕಾಯ್ತೀರಾ?"

"ಇಲ್ಲ."

ಅವಳ ಕೈ ಪೊಟ್ಟಣದಲ್ಲೇ ನಿಂತಿತು.

"ಮದುವೆ ಆಗಿ ಕಾಯೋಣ," ಎಂದ ಅವನು. "ಆ ಸ್ಕ್ಯಾನಿಗೆ ಇಬ್ರೂ ಒಟ್ಟಿಗೆ ಬರೋಣ. ಆವಾಗ್ಲೂ ಭಯ ಆಗ್ತೈತೆ. ಒಬ್ಬೊಬ್ರೇ ಯಾಕೆ ಪಡ್ಬೇಕು?"

"ಕರುಣೆನಾ?" ಅವಳ ದನಿ ಗಡುಸಾಯಿತು. "ಕರುಣೆ ಆದ್ರೆ ಈಗ್ಲೇ ಹೇಳಿಬಿಡ್ರಿ."

"ಕರುಣೆನಾ!" ಈ ಸಲ ಅವನಿಗೇ ರೇಗಿತು. "ಬಂದ ದಿನ ಬೈದು ಕೆಲಸ ಮಾಡಿಸ್ಕೊಂಡ್ರಿ. ಆಮೇಲೆ ಫೋನ್ ಆಫ್ ಮಾಡಿದ್ರಿ. ಮುಖದ ಅರ್ಧ ಬೋಳಿಸಿದ್ರಿ. ನನ್ನ ಮೇಲೆ ಯಾರಾದ್ರೂ ಕರುಣೆ ತೋರಿಸ್ಬೇಕ್ರೀ! ನಂಗೆ ನೀವು ಬೇಕು, ಅಷ್ಟೇ. ಇಷ್ಟ ಅಂತ ಬಾಯಿಬಿಟ್ಟು ಹೇಳೋಕೆ ಬರಲ್ಲ. ಬೈಯೋಕೂ ನೀವೇ ಬೇಕು."

ಕಿಟಕಿಯಲ್ಲಿ ರಂಗಕ್ಕ ಸೆರಗು ಬಾಯಿಗೆ ಒತ್ತಿಕೊಂಡಳು. ಕಂಡಕ್ಟರ್ ಸೀಟಿ ಊದಿದ.

ರೇಣುಕ ಕೈ ಎತ್ತಿದಳು. ತೋಳು ಇನ್ನೂ ನೋಯುತ್ತಿತ್ತು, ಆದರೂ ಎತ್ತಿದಳು. ಅವನ ಗಲ್ಲದ ಮೇಲೆ ಅಂಟಿದ್ದ ಮಂಡಕ್ಕಿಯ ಕಾಳೊಂದನ್ನು ಒಂದು ಬೆರಳಿನಿಂದ ತೆಗೆದಳು. ಬೆರಳು ಆ ಗೆರೆಯ ಮೇಲೆ ಒಂದು ಗಳಿಗೆ ತಡೆಯಿತು.

"ಭಾನುವಾರ ಮನೆಗೆ ಬರ್ರಿ," ಎಂದಳು. "ಅಪ್ಪನ ಹತ್ರ ನೀವೇ ಮಾತಾಡ್ರಿ. ಅತ್ತೆ ಕೈಲಿ ಹೇಳಿಸ್ಬ್ಯಾಡ್ರಿ ಮತ್ತೆ."

"ಏನಂತ ಹೇಳ್ಲಿ?"

ಬಸ್ಸು ಜರುಗಿತು. ಅವಳು ಮೆಟ್ಟಿಲು ಹತ್ತಿ, ಕಂಬಿ ಹಿಡಿದು, ತಿರುಗಿ ನಕ್ಕಳು.

"ನಿಮ್ಮ ಮಗಳು ನನ್ನ ಒಪ್ಪವ್ಳೆ ಅಂತ. ಕನ್ನಡದಾಗೇ ಹೇಳ್ರಿ!"